ಮೂರು ಸಲ ಪಾಲಿಶ್ ಮಾಡಿದ ಜ್ಯೋತಿ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮದೊಂದು ಸಣ್ಣ ಅಕ್ಕಿ ಮಿಲ್ಲಿದೆ. ಅಪ್ಪ ಹಾಕಿದ್ದು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನನ್ನ ಗಂಡನಿಗೆ ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೀಗಾಗಿ ಮಿಲ್ಲು ನನ್ನ ತಲೆಗೆ ಬಂತು. ಈಗ ಇಪ್ಪತ್ತು ವರ್ಷ ದಾಟಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೇಳುತ್ತಾರಂತೆ. ಹೇಳುವುದರಲ್ಲಿ ತಪ್ಪೇನಿಲ್ಲ. ಮಿಷಿನ್ನು ಓಡುವಾಗ ಮೆತ್ತಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಏರಿದ ಗಂಟಲು ಮನೆಗೆ ಬಂದ ಮೇಲೂ ಇಳಿಯುವುದಿಲ್ಲ.

ಕಬಿನಿ ನಾಲೆಯ ನೀರು ಹರಿಯುವ ನಮ್ಮ ಕಡೆಯ ಗದ್ದೆಗಳಲ್ಲಿ ಜ್ಯೋತಿ ಎಂಬ ತಳಿಯ ಭತ್ತ ಬೆಳೆಯುತ್ತಾರೆ. ಅದರ ಅಕ್ಕಿ ಕೆಂಪು. ಬೆಳೆಯುವವರು ಅದನ್ನು ತಿನ್ನುವುದಿಲ್ಲ. ಮನೆಗೆ ಅಂತ ಒಂದು ಮೂಲೆಯಲ್ಲಿ ಸಣ್ಣ ಭತ್ತ ಹಾಕಿಕೊಂಡು, ಅದನ್ನು ಮಿಲ್ಲಿಗೆ ತಂದು, ಮಲ್ಲಿಗೆ ಹೂವಿನ ಹಾಗೆ ಬೆಳ್ಳಗೆ ಮಾಡಿಸಿಕೊಂಡು ಹೋಗುತ್ತಾರೆ. ಜ್ಯೋತಿ ಏನಿದ್ದರೂ ಕೇರಳದವರಿಗೆ. ಕೊಯ್ಲಿನ ಕಾಲಕ್ಕೆ ಅಲ್ಲಿಯ ವ್ಯಾಪಾರಿಗಳು ಗುಂಡ್ಲುಪೇಟೆ ಕಡೆಯಿಂದ ಲಾರಿ ತಂದು ಭತ್ತವನ್ನೇ ತುಂಬಿಕೊಂಡು ಹೋಗುತ್ತಾರೆ. ಅಲ್ಲಿ ಅದನ್ನು ಬೇಯಿಸಿ, ಒಣಗಿಸಿ, ಕೆಂಪು ಹೋಗದ ಹಾಗೆ ಅಕ್ಕಿ ಮಾಡುತ್ತಾರೆ. ನಮ್ಮ ಮಿಲ್ಲಿಗೆ ಅದರಲ್ಲಿ ಕೆಲಸವಿಲ್ಲ. ಲಾರಿ ಬರುವ ತನಕ ರೈತರ ಜ್ಯೋತಿ ಮೂಟೆಗಳನ್ನು ನಮ್ಮ ಗೋಡೌನಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು, ಅಷ್ಟೇ.

ಹಾಗಾಗಿ ನಾನು ಪೇಪರಿನ ಸುದ್ದಿಯನ್ನು ಓದುವ ರೀತಿಯೇ ಬೇರೆ. ಗಂಡ ದೇಶದ ಆರ್ಥಿಕ ಸ್ಥಿತಿ ಎಂದು ಶುರು ಮಾಡಿದರೆ ನನ್ನದು ಒಂದೇ ಪ್ರಶ್ನೆ: ಲಾರಿ ಬರುತ್ತೋ ಇಲ್ಲವೋ? ನೋಟು ರದ್ದಾದಾಗ ಲಾರಿ ತಡವಾಗಿ ಬಂತು, ಯಾಕೆಂದರೆ ಆ ವ್ಯಾಪಾರವೆಲ್ಲ ಕೈಯಿಂದ ಕೈಗೆ ನಗದಿನಲ್ಲಿ ನಡೆಯುವಂಥದ್ದು. ಡೀಸೆಲ್ ಏರಿದಾಗ ಲಾರಿ ಬಂತು, ಬೆಲೆ ಇಳಿಸಿಕೊಂಡು ಬಂತು. ನಾಲೆಗೆ ನೀರು ಬಿಡದ ವರ್ಷ ಲಾರಿ ಬಂದರೂ ತುಂಬಲು ಭತ್ತವಿರಲಿಲ್ಲ. ಇವನ್ನೆಲ್ಲ ನಾವು ಹೇಗೋ ದಾಟಿದೆವು. ನಾನು ಎಡವಿದ್ದು ಲಾಕ್‌ಡೌನ್ ಆದ ವರ್ಷ, ಅದೂ ಸರ್ಕಾರದ ತಪ್ಪಿಗಲ್ಲ, ನನ್ನದೇ ತಪ್ಪಿಗೆ.

ಹದಿನಾರು ಎಂಬ ಊರಿನಿಂದ ಒಬ್ಬರು ರೈತರು ಅಪ್ಪನ ಕಾಲದಿಂದಲೂ ನಮ್ಮ ಮಿಲ್ಲಿಗೆ ಬರುತ್ತಿದ್ದರು. ಮೂರೆಕರೆ ಗದ್ದೆ, ಒಂದು ಜೊತೆ ಹಸು, ಯಾರಿಗೂ ಒಂದು ಕಾಸು ಬಾಕಿ ಇಲ್ಲದ ಮನುಷ್ಯ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕಾರೆ ಎನ್ನುತ್ತಿದ್ದರು. ಮಾತು ಕಡಿಮೆ. ಮಿಲ್ಲಿಗೆ ಬಂದರೆ ನನ್ನ ಕೂಗಾಟಕ್ಕೆ ನಗುತ್ತಾ ಕಟ್ಟೆಯ ಮೇಲೆ ಕೂತಿರುತ್ತಿದ್ದ ಗಿರಾಕಿ ಅವರೊಬ್ಬರೇ. ಅವರನ್ನು ಕಂಡರೆ ನನಗೂ ಒಂದು ಸಲಿಗೆ.

ಆ ಜನವರಿಯಲ್ಲಿ ಅವರ ನಲವತ್ತು ಮೂಟೆ ಜ್ಯೋತಿ ಗೋಡೌನಿಗೆ ಬಂತು. ಕೇರಳದ ವ್ಯಾಪಾರಿ ಆಗಲೇ ಬಂದು ಒಂದು ಬೆಲೆ ಹೇಳಿದ್ದ. ಊರಿನವರೆಲ್ಲ ಕೊಟ್ಟರು. ಇವರು ನನ್ನ ಮುಖ ನೋಡಿದರು.

"ಏನ್ಮಾಡ್ಲಿ ಅಕ್ಕಾರೆ? ಕೊಟ್ಬುಡ್ಲಾ?"

"ಕೊಡಬೇಡಿ ಅಣ್ಣ. ಈ ಸಲ ಅವರ ಕಡೆ ಬೆಳೆ ಕಡಿಮೆಯಂತೆ. ಯುಗಾದಿ ಕಳೀಲಿ, ಏರುತ್ತೆ. ಇಲ್ಲೇ ಇರಲಿ."

"ನೀವೇಳ್ದಂಗೆ" ಅಂದರು.

ಕೇಳದೇ ಹೇಳಿದೆ ಅಂತಲ್ಲ, ಅವರು ಕೇಳಿದ್ದರು. ಆದರೆ ಕೇಳಿದ ತಕ್ಷಣ ಗೊತ್ತಿದ್ದವಳ ಹಾಗೆ ಹೇಳಿಬಿಡುವ ಚಾಳಿ ನನ್ನದು. ಆ ನಲವತ್ತು ಮೂಟೆ ಅವರ ಇಡೀ ವರ್ಷದ ದುಡಿಮೆ. ನನ್ನ ಮಾತಿನ ಮೇಲೆ ಅದು ನಮ್ಮ ಗೋಡೌನಿನಲ್ಲಿ ಉಳಿಯಿತು.

ಯುಗಾದಿ ಬಂತು, ಅದರ ಜೊತೆಗೇ ಲಾಕ್‌ಡೌನ್ ಬಂತು. ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದ್ದಾರೆ, ಒಂದು ಗಾಡಿಯೂ ದಾಟುತ್ತಿಲ್ಲ ಎಂದು ಸುದ್ದಿ. ವ್ಯಾಪಾರಿಗೆ ಫೋನ್ ಮಾಡಿದೆ. "ನಾನೇ ಮನೆಯಿಂದ ಹೊರಗೆ ಬರುವ ಹಾಗಿಲ್ಲ ಅಮ್ಮ, ಲಾರಿ ಎಲ್ಲಿಂದ ತರಲಿ" ಎಂದ. ನಮ್ಮ ಮಿಲ್ಲಿನ ಹಮಾಲಿಗಳಿಬ್ಬರೂ ಮೊದಲ ವಾರವೇ ಊರು ಸೇರಿದರು. ಉಳಿದವರು ನಾನು, ಊರವರೆಲ್ಲ ಮೇಷ್ಟ್ರು ಎನ್ನುವ ನನ್ನ ಗಂಡ, ಮತ್ತೆ ಅಪ್ಪನ ಕಾಲದಿಂದ ಮಿಷಿನ್ನು ನಡೆಸುತ್ತಿದ್ದ ಮುದುಕ. ಮಿಲ್ಲು ನಡೆಸುವವನನ್ನು ನಮ್ಮಲ್ಲಿ ಡ್ರೈವರ್ ಎನ್ನುತ್ತಾರೆ. ನಾನು ಲಂಗ ಹಾಕಿಕೊಂಡು ಓಡಾಡುವಾಗಿನಿಂದ ಅವನು ನನ್ನನ್ನು ನೋಡಿದವನು, ಆದ್ದರಿಂದ ನನ್ನ ಸಿಟ್ಟಿಗೆ ಹೆದರುತ್ತಿರಲಿಲ್ಲ.

ಹದಿನಾರಿನ ಅಣ್ಣ ಎರಡು ಸಲ ಫೋನ್ ಮಾಡಿದರು. ಮೊದಲ ಸಲ "ಲಾರಿ ಏನಾರ ಬಂದದಾ" ಎಂದು ಕೇಳಿದರು. ಎರಡನೆಯ ಸಲ ಭತ್ತದ ಮಾತೇ ಎತ್ತದೆ ನಮ್ಮ ಆರೋಗ್ಯ ವಿಚಾರಿಸಿ ಇಟ್ಟರು. ಅದು ನನಗೆ ಜಾಸ್ತಿ ಚುಚ್ಚಿತು. ಜನವರಿಯಲ್ಲಿ ಕೊಡಿ ಎಂದಿದ್ದರೆ ಆ ಮನುಷ್ಯನ ದುಡ್ಡು ಮನೆಯಲ್ಲಿರುತ್ತಿತ್ತು.

ಅದೇ ಹೊತ್ತಿಗೆ ನರಸೀಪುರದ ಅಂಗಡಿಗಳಲ್ಲಿ ಅಕ್ಕಿ ಖಾಲಿಯಾಗುತ್ತಿತ್ತು. ದುಡ್ಡಿರುವವರು ಮೂಟೆಗಟ್ಟಲೆ ಕೊಂಡು ಮನೆಯಲ್ಲಿ ಇಟ್ಟುಕೊಂಡರು. ದಿನಸಿ ಅಂಗಡಿಯವರು ನನಗೆ ಫೋನ್ ಮಾಡಿ ಬಿಳಿ ಅಕ್ಕಿ ಇದ್ದರೆ ಕಳಿಸಿ, ಇದ್ದಷ್ಟೂ ಕಳಿಸಿ ಎಂದರು. ಗೋಡೌನಿನಲ್ಲಿ ಇದ್ದದ್ದು ಜ್ಯೋತಿ. ಎರಡು ರಾತ್ರಿ ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಕೆಂಪು ಇರುವುದು ಅಕ್ಕಿಯ ಮೇಲಿನ ಪದರದಲ್ಲಿ. ಪಾಲಿಶ್ ಮಾಡಿ ಆ ಪದರ ತೆಗೆದುಬಿಟ್ಟರೆ ಜ್ಯೋತಿಯೂ ಬಿಳಿ ಅಕ್ಕಿಯೇ. ಬೆಳ್ಳಗಿದ್ದದ್ದು ಒಳ್ಳೆಯ ಅಕ್ಕಿ ಎಂಬುದು ನಮ್ಮ ಕಡೆಯವರ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಕೆಂಪು ಅಕ್ಕಿಯಿಂದ ಕೆಂಪನ್ನು ತೆಗೆಯುವುದು ಅದನ್ನು ಹಾಳು ಮಾಡುವುದು ಎಂದು ನನಗೆ ಹೊಳೆಯಲೇ ಇಲ್ಲ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

"ಲಾರಿ ಬರಾಕಿಲ್ಲ ಅಂತೀರಾ?"

"ಯಾವಾಗ ಬರುತ್ತೋ ಯಾರಿಗೆ ಗೊತ್ತು ಅಣ್ಣ. ಹುಳ ಬಿದ್ದರೆ ಅದೂ ಇಲ್ಲ."

"ಹೂಂ. ನೀವೇಳ್ದಂಗೇ ಮಾಡಿ."

ಡ್ರೈವರ್ ಮಾತ್ರ ಒಪ್ಪಲಿಲ್ಲ. ಒಂದು ಹಿಡಿ ಭತ್ತ ತೆಗೆದುಕೊಂಡು ಎರಡು ಕಾಳು ಕಡಿದು ನೋಡಿ ಉಗಿದ. "ಬ್ಯಾಸ್ಗೇಲಿ ಒಣಗಿ ಕಡ್ಡಿ ಆಗದೆ ಕಣವ್ವ. ಪಾಲಿಶ್ಗೆ ಕೊಟ್ರೆ ಮುರೀತದೆ. ಒಂದ್ಸಲಕ್ಕೆ ಬಿಳೀದೂ ಆಗಾಕಿಲ್ಲ."

"ಎರಡು ಸಲ ಬಿಡು."

"ಎಲ್ಡು ಸಲ ಬುಟ್ರೆ ರೋಸ್ ಆಯ್ತದೆ."

"ಮೂರು ಸಲ ಬಿಡು. ಮಿಲ್ಲು ನಿಂದೋ ನಂದೋ?"

ಈ ಮಾತು ಆಡಬಾರದಿತ್ತು. ಅವನು ಮೋಟರಿನ ಪಟ್ಟೆ ಏರಿಸಿ ಸ್ವಿಚ್ಚು ಹಾಕಿದ, ಮತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಎರಡು ದಿನ ನಾವು ಮೂವರೇ ದುಡಿದೆವು. ನಾನು ಮೂಟೆ ಬಿಚ್ಚಿ ಬುಟ್ಟಿಯಲ್ಲಿ ಭತ್ತ ಹೊತ್ತು ಸುರಿದೆ. ಮೇಷ್ಟ್ರು ದಬ್ಬಳ ಹಿಡಿದು ಅಕ್ಕಿ ಮೂಟೆಯ ಬಾಯಿ ಹೊಲಿದರು. ಬೋರ್ಡಿನ ಮೇಲೆ ಗೆರೆ ಎಳೆದ ಹಾಗೆ ಅಕ್ಷರ ಬರೆಯುವ ಮನುಷ್ಯ, ಆದರೆ ಅವರು ಹೊಲಿದ ಮೂಟೆಗಳಲ್ಲಿ ಎರಡು ಎತ್ತುವಾಗಲೇ ಬಾಯಿ ಬಿಟ್ಟವು. ನಾನು ಬೈದೆ, ಅವರು ನಕ್ಕರು. ನಿಜ ಹೇಳಬೇಕೆಂದರೆ ಆ ಎರಡು ದಿನ ನಾನು ಖುಷಿಯಾಗಿದ್ದೆ. ಏನೋ ದಾರಿ ಹುಡುಕಿದೆನೆಂಬ ಹೆಮ್ಮೆ.

ಮೂರು ಸಲ ಪಾಲಿಶ್ ಆಗಿ ಬಂದ ಅಕ್ಕಿ ಬಿಳಿಯೂ ಅಲ್ಲ, ಕೆಂಪೂ ಅಲ್ಲ. ಸುಣ್ಣ ಮಾಸಿದ ಗೋಡೆಯ ಬಣ್ಣ, ಅಲ್ಲಲ್ಲಿ ಒಂದೊಂದು ಕೆಂಪು ಗೀರು. ಅರ್ಧಕ್ಕರ್ಧ ನುಚ್ಚು. ಅಂಗಡಿಯವರಿಗೆ ಒಂದು ಪ್ಯಾಕೆಟ್ ತೋರಿಸಿದೆ. ಒಬ್ಬ ಅದನ್ನು ಅಂಗೈ ಮೇಲೆ ಹರಡಿ, "ಇದೇನಕ್ಕ, ಎರಡು ಅಕ್ಕಿ ಮಿಕ್ಸ್ ಮಾಡಿದ್ದೀರಾ?" ಎಂದ. ಅಷ್ಟರಲ್ಲಿ ರೇಷನ್ನಿನಲ್ಲಿ ಪುಕ್ಕಟೆ ಅಕ್ಕಿ ಬಂತು. ಪ್ರತಿ ತಿಂಗಳಿನದರ ಜೊತೆಗೆ ಇನ್ನೂ ಒಂದು ಪಾಲು. ಜನರ ಮನೆಯ ಡಬ್ಬಗಳೆಲ್ಲ ತುಂಬಿದವು. ಬಡವರು ಊಟ ಮಾಡಿದರು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅಂಗಡಿಗಳಿಂದ ಬರುತ್ತಿದ್ದ ಫೋನ್ ನಿಂತುಹೋಯಿತು.

ಫೋನ್ ಬಂದದ್ದು ಕೇರಳದಿಂದ. ಅಕ್ಕಿ ಮಾಡಿ ಮುಗಿಸಿದ ಮೇಲೆ ಒಂದು ವಾರವೂ ಕಳೆದಿರಲಿಲ್ಲ. ಸಾಮಾನಿನ ಲಾರಿಗಳಿಗೆ ಪಾಸು ಕೊಡುತ್ತಿದ್ದಾರೆ, ನಾಡಿದ್ದು ಬರುತ್ತೇನೆ, ಆ ಹದಿನಾರಿನವರ ಜ್ಯೋತಿ ಇದೆಯಲ್ಲ ಎಂದು ಕೇಳಿದ ವ್ಯಾಪಾರಿ. ಅವರ ಕಡೆ ಅಕ್ಕಿ ಸಿಗುತ್ತಿಲ್ಲವಂತೆ. ತಾನಾಗಿಯೇ ಒಂದು ಬೆಲೆ ಹೇಳಿದ. ಜನವರಿಯದಕ್ಕಿಂತ ಬಹಳ ಮೇಲೆ. ಯುಗಾದಿ ಕಳೀಲಿ, ಏರುತ್ತೆ ಎಂದು ನಾನು ಹೇಳಿದ್ದು ಸುಳ್ಳಾಗಲಿಲ್ಲ. ಭತ್ತ ಮಾತ್ರ ಇರಲಿಲ್ಲ.

ಲಾರಿ ಬಂದ ದಿನ ಹದಿನಾರಿನ ಅಣ್ಣನನ್ನೂ ಕರೆಸಿದೆ. ಮುಚ್ಚಿಟ್ಟು ಮಾಡುವಂಥದ್ದು ಏನೂ ಇರಲಿಲ್ಲ. ವ್ಯಾಪಾರಿ ಮೂಟೆಗೆ ಕೈ ಹಾಕಿ ಅಕ್ಕಿ ತೆಗೆದು ನೋಡಿದ, ಮೂಸಿದ, ಮತ್ತೆ ಒಳಗೆ ಹಾಕಿದ. ಅವನಿಗೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. "ಅಮ್ಮ, ಇದನ್ನು ನಮ್ಮ ಊರಲ್ಲಿ ಯಾರಿಗೆ ತೋರಿಸಲಿ? ಇದರಲ್ಲಿ ಜ್ಯೋತಿಯೇ ಇಲ್ಲವಲ್ಲ" ಎಂದ. ಪಕ್ಕದ ಊರಿನವರ ಯಾವುದೋ ಭತ್ತ ತುಂಬಿಕೊಂಡು ಹೊರಟುಹೋದ.

ಅಣ್ಣ ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ನಾನೇ ಹೇಳಿದೆ: "ಅವನು ಹೇಳಿದ ಬೆಲೆ ನಾನು ಕೊಡ್ತೀನಿ ಅಣ್ಣ. ನಲವತ್ತು ಮೂಟೆಗೂ. ಈ ಅಕ್ಕಿ ನಾನು ಇಟ್ಕೋತೀನಿ."

"ಬ್ಯಾಡಿ ಅಕ್ಕಾರೆ. ನಾನೂ ಹೂಂ ಅಂದಿವ್ನಲ್ವಾ. ಜನವರಿ ರೇಟ್ ಕೊಡಿ ಸಾಕು."

"ಅದೆಲ್ಲ ಆಗಲ್ಲ. ತಪ್ಪು ನಂದು."

ಒಂದಷ್ಟು ಹೊತ್ತು ಹೀಗೇ ಆಯಿತು. ಕೊನೆಗೆ ಮೇಷ್ಟ್ರು ಬಂದು ಅವರ ಕೈ ಹಿಡಿದು ಒಪ್ಪಿಸಿದರು. ಅಣ್ಣ ದುಡ್ಡನ್ನು ಟವೆಲ್ಲಿಗೆ ಸುತ್ತಿ ಒಳ ಅಂಗಿಯ ಜೇಬಿಗೆ ಇಟ್ಟುಕೊಂಡು, "ಇದ್ಯಾವ್ದೂ ಮನ್ಸಿಗೆ ಹಚ್ಕೋಬ್ಯಾಡಿ, ಕಾಲ ಅಂಗದೆ" ಎಂದರು. ಡ್ರೈವರ್ ಟೀ ತಂದುಕೊಟ್ಟ. ಎಲ್ಲ ಸರಿಹೋಗಿತ್ತು. ಅವರು ಮೊಪೆಡ್ಡಿನ ಹತ್ತಿರ ಹೋಗಿ, ಸ್ಟ್ಯಾಂಡು ತೆಗೆದು, ಹೊರಡುವುದರಲ್ಲಿದ್ದರು.

ಇಲ್ಲಿ ತೌಡಿನ ವಿಷಯ ಹೇಳಬೇಕು. ನಮ್ಮಂಥ ಸಣ್ಣ ಮಿಲ್ಲುಗಳಲ್ಲಿ ಅಕ್ಕಿ ಮಾಡಿಕೊಟ್ಟದ್ದಕ್ಕೆ ದುಡ್ಡು ತೆಗೆದುಕೊಳ್ಳುವ ರೂಢಿಯಿಲ್ಲ. ಅಕ್ಕಿ ರೈತನದು, ಪಾಲಿಶ್ ಮಾಡುವಾಗ ಉದುರುವ ತೌಡು ಮಿಲ್ಲಿನದು. ಅದನ್ನು ಹಸು ಸಾಕುವವರಿಗೆ ಮಾರಿ ಮಿಲ್ಲು ಬದುಕುತ್ತದೆ. ಅಪ್ಪನ ಕಾಲದಿಂದ ಹೀಗೇ. ಹೆಚ್ಚು ಪಾಲಿಶ್ ಮಾಡಿದಷ್ಟೂ ಹೆಚ್ಚು ತೌಡು ಎನ್ನುವುದು ಎಲ್ಲರಿಗೂ ಗೊತ್ತು, ಆದರೆ ಯಾರೂ ಆ ದಿಕ್ಕಿನಲ್ಲಿ ಯೋಚಿಸುತ್ತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಪಶು ಆಹಾರದ ಚೀಲಗಳು ಎಲ್ಲೂ ಸಿಗುತ್ತಿರಲಿಲ್ಲ, ಡೇರಿಗೆ ಹಾಲು ಹಾಕುವುದು ಮಾತ್ರ ನಿಂತಿರಲಿಲ್ಲ. ಹಾಗಾಗಿ ನಲವತ್ತು ಮೂಟೆ ಜ್ಯೋತಿಯ ಮೂರು ಪಾಲಿಶ್ಶಿನ ಕೆಂಪು ತೌಡನ್ನು ಜನ ಮಿಲ್ಲಿನ ಬಾಗಿಲಿಗೆ ಬಂದು, ನಾನು ಹೇಳಿದ ಬೆಲೆಗೆ, ಒಂದೇ ದಿನದಲ್ಲಿ ಕೊಂಡುಹೋಗಿದ್ದರು. ಇಡೀ ವ್ಯವಹಾರದಲ್ಲಿ ಲಾಭ ಬಂದದ್ದು ಅದೊಂದರಿಂದಲೇ, ಅದೂ ನನಗೆ.

ಇದು ಒಂದು ವಾರದಿಂದ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅಣ್ಣ ಮೊಪೆಡ್ ಹತ್ತುವಾಗ ನಾನು ಓಡಿಹೋಗಿ ಹೇಳಿಬಿಟ್ಟೆ.

"ಅಣ್ಣ, ತೌಡಿನ ಆಸೆಗೆ ಮೂರು ಸಲ ಬಿಟ್ಟಳು ಅಂತ ಮಾತ್ರ ತಿಳ್ಕೋಬೇಡಿ."

ಅವರು ತಿರುಗಿ ನೋಡಿದರು.

"ತೌಡಾ?"

ಆ ಒಂದು ಮಾತಿನಲ್ಲಿ ನನಗೆ ಗೊತ್ತಾಯಿತು, ಆ ಗಳಿಗೆಯ ತನಕ ಆ ಯೋಚನೆ ಅವರ ಹತ್ತಿರ ಸುಳಿದಿರಲಿಲ್ಲ. ಈಗ ಸುಳಿಯಿತು. ಮುಖದಲ್ಲಿ ಅದು ಬಂದದ್ದನ್ನು ನಾನು ನೋಡಿದೆ. ಕಣ್ಣು ಒಂದು ಸಲ ಗೋಡೌನಿನ ಮೂಲೆಗೆ ಹೋಗಿ ಬಂತು, ತೌಡಿನ ಚೀಲಗಳಿರುತ್ತಿದ್ದ ಮೂಲೆ. ಅದು ಖಾಲಿ ಇತ್ತು.

"ನಾನೆಲ್ಲಿ ಅಂಗಂದೆ ಅಕ್ಕಾರೆ" ಎಂದರು. ತೌಡು ಮಾರಿದ ದುಡ್ಡೂ ನಿಮ್ಮದೇ ಎಂದು ನಾನು ಹೇಳುವಷ್ಟರಲ್ಲಿ, "ಬ್ಯಾಡ ಬ್ಯಾಡ, ತೌಡು ಮಿಲ್ಲುಂದು" ಎಂದು ಮಾಸ್ಕ್ ಏರಿಸಿಕೊಂಡು ಹೊರಟೇಬಿಟ್ಟರು.

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಕೇಳದೇ ಇರೋ ಪ್ರಶ್ನೆಗೆ ಯಾಕೆ ಉತ್ತರ ಬರೆದೆ?" ಎಂದರು. ಬೇರೆ ದಿನವಾಗಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಆ ದಿನ ಒಳಗೆ ಹೋಗಿ ಮಿಷಿನ್ನಿನ ಸುತ್ತ ಕಸ ಗುಡಿಸಿದೆ. ಅಕ್ಕಿಯನ್ನು ಕೊನೆಗೆ ಹಪ್ಪಳ ಮಾಡುವವರು ಹಿಟ್ಟಿಗೆಂದು ಕೊಂಡರು. ಅದರಲ್ಲಿ ನಾನು ಕಳೆದುಕೊಂಡದ್ದು ಎರಡು ಸುಗ್ಗಿಯಲ್ಲಿ ತುಂಬಿತು. ಅದರ ಬಗ್ಗೆ ನನಗೆ ಈಗ ಏನೂ ಅನ್ನಿಸುವುದಿಲ್ಲ.

ಮುಂದಿನ ಕೊಯ್ಲಿಗೆ ಹದಿನಾರಿನ ಅಣ್ಣ ಜ್ಯೋತಿಯನ್ನು ಗದ್ದೆಯ ಬದುವಿನಲ್ಲೇ ಲಾರಿಗೆ ಹಾಕಿಸಿದರೆಂದು ಕೇಳಿದೆ. ಮೊದಲು ಹೇಳಿದ ಬೆಲೆಗೆ, ಚೌಕಾಸಿ ಇಲ್ಲದೆ. ಆ ವರ್ಷ ಕಾದಿದ್ದವರಿಗೆ ಹೆಚ್ಚೇನೂ ಸಿಗಲಿಲ್ಲ, ಆದ್ದರಿಂದ ಅವರು ಮಾಡಿದ್ದು ಸರಿಯೇ ಆಯಿತು. ಇನ್ನು ನಮ್ಮ ಮಿಲ್ಲಿನ ಕಡೆ ಬರುವುದಿಲ್ಲ ಎಂದುಕೊಂಡೆ. ಹೋಗಲಿ ಬಿಡು, ಒಬ್ಬ ಗಿರಾಕಿ ಹೋದರೆ ಮಿಲ್ಲೇನು ಮುಚ್ಚುವುದಿಲ್ಲ ಎಂದು ಡ್ರೈವರ್‌ಗೆ ಹೇಳಿದೆ. ನನಗೆ ಗಿರಾಕಿಯ ಚಿಂತೆಯಲ್ಲ ಎಂದು ಅವನಿಗೆ ಗೊತ್ತಿತ್ತು.

ಆದರೆ ಅವರು ಬಂದರು. ಫೆಬ್ರವರಿಯ ಒಂದು ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ನಾಲ್ಕು ಮೂಟೆ ಸಣ್ಣ ಭತ್ತ, ಮನೆಯ ಊಟಕ್ಕೆ. "ಚಂದಾಕಿದ್ದೀರಾ ಅಕ್ಕಾರೆ?" ಎಂದು ಯಾವತ್ತಿನ ಹಾಗೆ ನಕ್ಕರು. ನನಗೆ ಎದೆ ಹಗುರಾಯಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರೂ ಬಂತು, ಧೂಳಿನ ನೆಪದಲ್ಲಿ ಒರೆಸಿಕೊಂಡೆ. ಡ್ರೈವರ್‌ಗೆ ಇವರದ್ದು ಮೊದಲು ಹಾಕು ಎಂದು ಕೂಗಿದೆ.

ಭತ್ತ ಇಳಿಸಿದ ಮೇಲೆ ಗಿರಾಕಿಗಳು ಯಾರೂ ಮಿಷಿನ್ನಿನ ಹತ್ತಿರ ನಿಲ್ಲುವುದಿಲ್ಲ. ಧೂಳಿಗೆ ಉಸಿರು ಕಟ್ಟುತ್ತದೆ, ಗದ್ದಲಕ್ಕೆ ಕಿವಿ ಹೋಗುತ್ತದೆ. ಅಣ್ಣ ಆ ದಿನ ಕಟ್ಟೆಗೂ ಹೋಗಲಿಲ್ಲ, ಟೀ ಅಂಗಡಿಗೂ ಹೋಗಲಿಲ್ಲ. ಮಿಷಿನ್ನಿನ ಹಿಂದೆ, ಗೋಡೆಗೆ ಒತ್ತಿಕೊಂಡು ನಿಂತರು.

"ಹೊರಗೆ ಕೂತ್ಕೊಳ್ಳಿ ಅಣ್ಣ, ಧೂಳು" ಎಂದೆ.

"ಇರ್ಲಿ ಅಕ್ಕಾರೆ. ಇಲ್ಲೇ ಇರ್ತೀನಿ."

ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡರು. ಕೆಮ್ಮಿದರು, ಆದರೂ ನಿಂತರು. ಒಂದು ಸಲ ಪಾಲಿಶ್ ಆದ ಕೂಡಲೇ ನಾನು ಅಕ್ಕಿ ತೆಗೆದು ಅವರ ಅಂಗೈಗೆ ಹಾಕಿ, "ಸಾಕಾ?" ಎಂದು ಕೇಳಿದೆ. ಬೆಳಕಿಗೆ ಹಿಡಿದು ನೋಡಿ, "ಇನ್ನೊಂದ್ಸಲ ಬುಡಿ. ಬೆಳ್ಳಗಿಲ್ದಿದ್ರೆ ನಮ್ಮನೇಲಿ ಉಣ್ಣಾಕಿಲ್ಲ" ಎಂದರು. ಡ್ರೈವರ್ ಇನ್ನೊಂದು ಸಲ ಬಿಟ್ಟ. ಅಣ್ಣ ಅಕ್ಕಿ ಬೀಳುವ ಕಡೆ ನೋಡುತ್ತಿರಲಿಲ್ಲ. ಕೆಳಗೆ ತೌಡು ಬೀಳುವ ಕೊಳವೆಗೆ ಕಟ್ಟಿದ ಚೀಲ ತುಂಬುವುದನ್ನು ನೋಡುತ್ತಿದ್ದರು, ಕೊನೆಯ ತನಕ.

ಮಿಷಿನ್ನು ನಿಂತ ಮೇಲೆ ಆ ಚೀಲದ ಬಾಯಿ ನಾನೇ ಕಟ್ಟಿ, ಹೊತ್ತುಕೊಂಡು ಹೋಗಿ, ಅವರ ಅಕ್ಕಿ ಮೂಟೆಗಳ ಮೇಲೆ ಆಟೋದಲ್ಲಿ ಇಟ್ಟೆ. ಆವತ್ತಿನ ಹಾಗೆ ಬ್ಯಾಡ, ತೌಡು ಮಿಲ್ಲುಂದು ಅನ್ನಲಿ ಎಂದು ಅಲ್ಲೇ ನಿಂತೆ. ಅವರು ಚೀಲವನ್ನು ಸ್ವಲ್ಪ ಒಳಗೆ ಸರಿಸಿ, ಬೀಳದ ಹಾಗೆ ಹಗ್ಗ ಬಿಗಿದರು. "ಬತ್ತೀನಿ ಅಕ್ಕಾರೆ" ಎಂದು ಹೇಳಿ ಆಟೋ ಹತ್ತಿದರು.